ಹಳೇ ಟೈರಿನ ಖರ್ಚು ಯಾರ ತಲೆಗೆ? ಕೊಡಗಿನ ಪಂಚಾಯಿತಿ ಸದಸ್ಯರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಸೋಮವಾರಪೇಟೆ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ನಮ್ಮ ವ್ಯಾಪ್ತಿಯ ಪಂಕ್ಚರ್ ಅಂಗಡಿಗಳ ಹಿಂದೆ ನಾಲ್ಕೈದು ನೂರು ಹಳೇ ಟೈರು ಬಿದ್ದಿವೆ. ಗುಜರಿಯವರು ಲಾರಿ ಟೈರು ಮಾತ್ರ ಆರಿಸಿ ಒಯ್ಯುತ್ತಾರೆ, ಕಾರು-ಬೈಕಿನದ್ದು ಬೇಡ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ನೆಂಟರ ಪ್ರಕಾರ ಅಲ್ಲಿ ಹೊಸ ಟೈರು ಕೊಳ್ಳುವಾಗಲೇ ಸರ್ಕಾರ ಶುಲ್ಕ ಹಿಡಿದು, ಆ ದುಡ್ಡಿನಲ್ಲೇ ವಿಲೇವಾರಿ ನಡೆಸುತ್ತದಂತೆ. ನಮ್ಮಲ್ಲಿ ಅಂಥ ದುಡ್ಡು ಇದೆಯೇ? ಇದ್ದರೆ ಪಂಚಾಯಿತಿಗೆ ಯಾಕೆ ಬರುವುದಿಲ್ಲ? ಮಳೆ ಹಿಡಿಯುವ ಮೊದಲು ನಾವೇನು ಮಾಡಬಹುದು?

ಉತ್ತರ: ದುಡ್ಡು ಇದೆ. ಆದರೆ ಅದು ಟೈರು ಬಿದ್ದಿರುವ ಜಾಗಕ್ಕೆ ಬರುವುದಿಲ್ಲ, ಮರುಬಳಕೆ ಕಾರ್ಖಾನೆಯ ಗೇಟಿನಲ್ಲೇ ನಿಲ್ಲುತ್ತದೆ. ಸೋಮವಾರಪೇಟೆಯಿಂದ ಆ ಗೇಟಿನವರೆಗಿನ ದಾರಿಯ ಖರ್ಚನ್ನು ಯಾವ ನಿಯಮವೂ ನಿಮ್ಮ ಕೈಗೆ ಕೊಡುವುದಿಲ್ಲ. ನಿಮ್ಮ ಸಮಸ್ಯೆಯೆಲ್ಲ ಇರುವುದು ಆ ದಾರಿಯಲ್ಲಿ.

ನಿಮ್ಮ ನೆಂಟರು ಹೇಳಿದ್ದು ನಿಜ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಹೊಸ ಟೈರಿಗೆ 1.75 ಡಾಲರ್ ಶುಲ್ಕವಿದೆ. ಅಂಗಡಿಯವರು ಅದನ್ನು ಬಿಲ್ಲಿನಲ್ಲೇ ಹಿಡಿದು, ವಸೂಲಿಯ ಶ್ರಮಕ್ಕೆಂದು ಶೇ 1.5ರಷ್ಟು ತಾವು ಇಟ್ಟುಕೊಂಡು, ಉಳಿದದ್ದನ್ನು ರಾಜ್ಯಕ್ಕೆ ಕಟ್ಟುತ್ತಾರೆ. 1.75ರಲ್ಲಿ 1 ಡಾಲರ್ ಟೈರ್ ಮರುಬಳಕೆ ನಿಧಿಗೆ, 75 ಸೆಂಟ್ ವಾಯುಮಾಲಿನ್ಯ ನಿಯಂತ್ರಣ ನಿಧಿಗೆ ಹೋಗುತ್ತದೆ. ಮರುಬಳಕೆ ನಿಧಿಯಿಂದ ಸ್ಥಳೀಯ ಆಡಳಿತಗಳಿಗೆ ಹಳೇ ರಾಶಿ ತೆರವು ಮಾಡಲು, ಜನರಿಂದ ಪುಕ್ಕಟೆ ಟೈರು ಪಡೆಯುವ ದಿನ ನಡೆಸಲು, ರಬ್ಬರ್ ಬೆರೆಸಿದ ಡಾಂಬರು ಹಾಕಲು ಅನುದಾನ ಸಿಗುತ್ತದೆ. ದುಡ್ಡಿಗಿಂತ ಮುಖ್ಯವಾದದ್ದು ಅದರ ಜೊತೆಗಿರುವ ಹಿಡಿತ. ಒಂದು ಸಲಕ್ಕೆ 10 ಅಥವಾ ಹೆಚ್ಚು ಹಳೇ ಟೈರು ಸಾಗಿಸುವವರು ನೋಂದಣಿ ಮಾಡಿಸಿರಬೇಕು, ಟೈರು ಎಲ್ಲಿಂದ ಹೊರಟು ಎಲ್ಲಿ ಇಳಿಯಿತು ಎಂಬ ಚೀಟಿ ಜೊತೆಗಿರಬೇಕು. 500 ಅಥವಾ ಹೆಚ್ಚು ಕೂಡಿಡಬೇಕಾದರೆ ಅನುಮತಿ ಬೇಕು.

ಈ ಬಿಗಿ ಅವರಿಗೆ ಪೆಟ್ಟು ತಿಂದ ಮೇಲೆ ಬಂದದ್ದು. 1983ರಲ್ಲಿ ವರ್ಜೀನಿಯಾದ ವಿಂಚೆಸ್ಟರ್ ಬಳಿ ಸುಮಾರು 70 ಲಕ್ಷ ಟೈರಿನ ರಾಶಿಗೆ ಬೆಂಕಿ ಬಿದ್ದು ತಿಂಗಳುಗಟ್ಟಲೆ ಉರಿಯಿತು. 1999ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ವೆಸ್ಟ್ಲಿ ಬಳಿ ಸಿಡಿಲು ಬಡಿದು ಇನ್ನೊಂದು ದೊಡ್ಡ ರಾಶಿ ಹತ್ತಿಕೊಂಡಿತು. 1990ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 100 ಕೋಟಿ ಟೈರು ರಾಶಿಬಿದ್ದಿದ್ದವು, ಈಗ ಅದರಲ್ಲಿ ಶೇ 90ಕ್ಕಿಂತ ಹೆಚ್ಚು ಖಾಲಿಯಾಗಿವೆ. ಹಾಗಂತ ಶುಲ್ಕ ಹಾಕಿದ ಕಡೆಯೆಲ್ಲ ಗೆಲುವಾಗಲಿಲ್ಲ. ಟೆಕ್ಸಸ್ ರಾಜ್ಯ 1992ರಿಂದ 1997ರವರೆಗೆ ಶುಲ್ಕ ಹಿಡಿದು, ಟೈರು ಚೂರು ಮಾಡಿದವರಿಗೆ ದುಡ್ಡು ಕೊಟ್ಟಿತು. ಆ ಚೂರನ್ನು ಕೊಳ್ಳುವವರು ಸಾಕಷ್ಟು ಇರಲಿಲ್ಲ. ಇಡೀ ಟೈರಿನ ರಾಶಿ ಹೋಗಿ ಚೂರಿನ ರಾಶಿ ಬಂತು.

ನಮ್ಮ ದೇಶ ಹಿಡಿದದ್ದು ಬೇರೆ ದಾರಿ. 2022ರ ಜುಲೈ 21ರಂದು ಕೇಂದ್ರ ಪರಿಸರ ಸಚಿವಾಲಯ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ತಿದ್ದುಪಡಿ ತಂದು, ಹಳೇ ಟೈರಿನ ಹೊಣೆಯನ್ನು ಅದನ್ನು ತಯಾರಿಸಿದವರ ಮತ್ತು ಆಮದು ಮಾಡಿದವರ ಮೇಲೆ ಹೊರಿಸಿತು. ಅವರು ಮರುಬಳಕೆಯ ಲೆಕ್ಕ ತೋರಿಸಬೇಕಾದದ್ದು ಇಷ್ಟು: 2022-23ರಲ್ಲಿ, ಎರಡು ವರ್ಷ ಹಿಂದೆ ಮಾರುಕಟ್ಟೆಗೆ ಬಿಟ್ಟ ತೂಕದ ಶೇ 35. 2023-24ರಲ್ಲಿ ಶೇ 70. 2024-25ರಿಂದ ಶೇ 100. ಕಂಪನಿ ತಾನೇ ಬೀದಿಗಿಳಿದು ಟೈರು ಹೆಕ್ಕಬೇಕಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡ ಮರುಬಳಕೆ ಘಟಕ ಟೈರಿನಿಂದ ರಿಕ್ಲೇಮ್ ರಬ್ಬರ್ (ಮತ್ತೆ ಬಳಸಲು ಮೆತ್ತಗೆ ಮಾಡಿದ ರಬ್ಬರ್), ಕ್ರಂಬ್ (ರಬ್ಬರಿನ ತರಿ), ಇಂಗಾಲದ ಪುಡಿ, ಪೈರೋಲಿಸಿಸ್ ಎಣ್ಣೆ (ಗಾಳಿಯಾಡದ ಭಟ್ಟಿಯಲ್ಲಿ ಟೈರು ಕಾಯಿಸಿ ತೆಗೆದ ಎಣ್ಣೆ) ಇತ್ಯಾದಿ ತಯಾರಿಸಿದರೆ, ಉತ್ಪನ್ನದ ಪ್ರಮಾಣಕ್ಕೆ ತಕ್ಕಂತೆ ಸರ್ಟಿಫಿಕೇಟ್ ಹುಟ್ಟುತ್ತದೆ. ಟೈರ್ ಕಂಪನಿ ಅದನ್ನು ಕೊಂಡು ತನ್ನ ಲೆಕ್ಕ ತೀರಿಸುತ್ತದೆ. ತೀರಿಸದಿದ್ದರೆ ಪರಿಸರ ಪರಿಹಾರ ಕಟ್ಟಬೇಕು. ಆ ಮೊತ್ತ ಪ್ರತ್ಯೇಕ ಎಸ್ಕ್ರೋ ಖಾತೆಗೆ, ಅಂದರೆ ಗೊತ್ತುಮಾಡಿದ ಕೆಲಸಕ್ಕಷ್ಟೇ ತೆಗೆಯಬಹುದಾದ ಖಾತೆಗೆ ಹೋಗುತ್ತದೆ.

ಟೆಕ್ಸಸ್ ಮಾಡಿದ ತಪ್ಪು ಇಲ್ಲಿಲ್ಲ, ಚೂರು ಮಾಡಿದ್ದಕ್ಕಲ್ಲ, ಸಿದ್ಧ ಮಾಲಿಗೆ ದುಡ್ಡು. ಇದನ್ನು ನಾನು ಒಳ್ಳೆಯ ವ್ಯವಸ್ಥೆ ಅಂತಲೇ ಹೇಳುತ್ತೇನೆ. ಆದರೆ ಕಾರ್ಖಾನೆಗೆ ಬೇಕಾದದ್ದು ಟನ್ನು. ಅದು ದೊಡ್ಡ ಊರಿನ ಗುಜರಿ ಮಂಡಿಯಿಂದ ಬಂದರೂ ಸರಿ, ಕೊಡಗಿನಿಂದ ಬಂದರೂ ಸರಿ, ಸರ್ಟಿಫಿಕೇಟಿನ ಬೆಲೆ ಒಂದೇ. ದೂರದ, ಚದುರಿದ, ಒದ್ದೆ ಟೈರಿಗೆ ಹೆಚ್ಚು ಕೊಡಬೇಕೆಂಬ ಲೆಕ್ಕ ಎಲ್ಲೂ ಇಲ್ಲ. ಟೈರಿನ ಮೇಲಿನ ಜಿಎಸ್‌ಟಿ ಈ ಕೆಲಸಕ್ಕೆ ಬರುತ್ತದೆಂದು ಕೆಲವರು ತಿಳಿದಿದ್ದಾರೆ. ಅದು ಸಾಮಾನ್ಯ ತೆರಿಗೆ, ವಿಲೇವಾರಿಗೆಂದು ತೆಗೆದಿಟ್ಟ ಹಣವಲ್ಲ. ಪಂಚಾಯಿತಿಗೆ ನೇರವಾಗಿ ಬರುವ ಟೈರ್ ನಿಧಿ ಇಲ್ಲ. ನಿಮಗಿರುವ ದಾರಿ ಒಂದೇ, ಕಾರ್ಖಾನೆ ಗೇಟಿನ ದರ ನಿಮ್ಮೂರಿನಿಂದ ಹೊರಡುವ ಲಾರಿಯ ಬಾಡಿಗೆಯನ್ನು ತೂಗಿಸುವಂತೆ ಲೋಡ್ ಕಟ್ಟುವುದು.

ಗುಜರಿಯವರು ಲಾರಿ ಟೈರು ಮಾತ್ರ ಯಾಕೆ ಆರಿಸುತ್ತಾರೆ ನೋಡಿ. ಸವೆದ ಲಾರಿ ಟೈರೊಂದು 45–50 ಕೆಜಿ ತೂಗುತ್ತದೆ, ಅದರಲ್ಲಿ ನೈಸರ್ಗಿಕ ರಬ್ಬರಿನ ಪಾಲು ಹೆಚ್ಚು. ನೈಲಾನ್ ಟೈರಾದರೆ ಅಂಚಿನ ತಂತಿ ಬಿಟ್ಟರೆ ಉಕ್ಕೇ ಇಲ್ಲ, ರಿಕ್ಲೇಮ್ ಮಾಡುವವರು ಬಯಸಿ ಕೊಳ್ಳುತ್ತಾರೆ. ಕಾರಿನ ರೇಡಿಯಲ್ ಟೈರು 7–9 ಕೆಜಿ, ಬಟನ್ (ನೆಲಕ್ಕೆ ತಾಗುವ ಮೇಲ್ಮೈ) ಕೆಳಗೆಲ್ಲ ಉಕ್ಕಿನ ಪಟ್ಟಿ. ಬೈಕಿನದ್ದು 3–4 ಕೆಜಿ. ಎತ್ತಿ ಇಳಿಸುವ ಕೂಲಿ ಹೆಚ್ಚುಕಡಿಮೆ ಒಂದೇ, ಸಿಗುವ ತೂಕ ಮಾತ್ರ ಐದಾರು ಪಾಲು ಕಡಿಮೆ. ಅದೂ ಅಲ್ಲದೆ ಟೈರು ಅಂದರೆ ಬಹುಪಾಲು ಖಾಲಿ ಜಾಗ. ಸುಮ್ಮನೆ ಎಸೆದು ತುಂಬಿದರೆ ಒಂದು ಘನ ಮೀಟರಿನಲ್ಲಿ ಹಿಡಿಯುವುದು ಸುಮಾರು 13 ಕಾರ್ ಟೈರು, ಅಂದರೆ ನೂರು ಕೆಜಿ ಚಿಲ್ಲರೆ.

ಲೆಕ್ಕ ಹಾಕೋಣ. 19 ಅಡಿ ಉದ್ದ, 7 ಅಡಿ ಅಗಲದ ಲಾರಿಗೆ 7 ಅಡಿ ಎತ್ತರ ತುಂಬಿದರೆ 26 ಘನ ಮೀಟರ್. ಎಸೆದು ತುಂಬಿದರೆ 340 ಟೈರು, ತೂಕ 2.7 ಟನ್. ಬಾಡಿಗೆ 20,000 ರೂಪಾಯಿ ಎಂದಿಟ್ಟುಕೊಂಡರೆ ಕೆಜಿಗೆ 7 ರೂಪಾಯಿ 40 ಪೈಸೆ ದಾರಿಯಲ್ಲೇ ಹೋಯಿತು. ಅದೇ ಟೈರನ್ನು ಓರೆಯಾಗಿ, ಒಂದರ ಅಂಚು ಇನ್ನೊಂದರ ತೂತಿನೊಳಗೆ ಹೋಗುವಂತೆ ಜಡೆ ಹೆಣೆದ ಹಾಗೆ ಜೋಡಿಸಿದರೆ ಸುಮಾರು 480 ಹಿಡಿಸಬಹುದು, 3.8 ಟನ್. ಬಾಡಿಗೆ ಕೆಜಿಗೆ 5 ರೂಪಾಯಿ 25 ಪೈಸೆಗೆ ಇಳಿಯಿತು. ಕಾರ್ ಟೈರಿನೊಳಗೆ ಸ್ಕೂಟರ್ ಟೈರು ತುರುಕಿ, ತಳದಲ್ಲಿ ಕತ್ತರಿಸಿದ ಲಾರಿ ಟೈರಿನ ಪಟ್ಟಿ ಹಾಸಿದರೆ 5 ಟನ್ ತಲುಪುತ್ತದೆ, ಆಗ ಕೆಜಿಗೆ 4 ರೂಪಾಯಿ. ಬಾಡಿಗೆ ನಿಮ್ಮೂರಿನ ದರಕ್ಕೆ ತಕ್ಕಂತೆ ಬದಲಾಗಬಹುದು, ಲೆಕ್ಕದ ರೀತಿ ಬದಲಾಗುವುದಿಲ್ಲ. ಲೋಡ್ ಮಾಡುವ ಇಬ್ಬರಿಗೆ ಒಂದು ದಿನದ ಕೂಲಿ ಹೆಚ್ಚು ಕೊಟ್ಟು ಸರಿಯಾಗಿ ಜೋಡಿಸಿಕೊಂಡರೆ ಆ ಕೂಲಿ ಬಾಡಿಗೆಯಲ್ಲೇ ವಾಪಸ್ ಬರುತ್ತದೆ.

ಕತ್ತರಿಸುವುದಾದರೆ ನೈಲಾನ್ ಲಾರಿ ಟೈರು ಮಾತ್ರ ಕತ್ತರಿಸಿ. ಎರಡೂ ಪಕ್ಕದ ಗೋಡೆ ಬಿಡಿಸಿ, ಬಟನ್ ಪಟ್ಟಿಯನ್ನು ಒಂದು ಕಡೆ ಸೀಳಿದರೆ ಚಪ್ಪಟೆಯಾಗುತ್ತದೆ. ರೇಡಿಯಲ್ ಟೈರಿಗೆ ಕೈಹಾಕಬೇಡಿ. ಸೀಳಿದ ಉಕ್ಕಿನ ಎಳೆ ಸೂಜಿಯ ಹಾಗೆ ಕೈಗೆ ಹೊಕ್ಕುತ್ತದೆ, ಗ್ರೈಂಡರ್ ಕಿಡಿಗೆ ರಬ್ಬರ್ ಹೊತ್ತಿಕೊಳ್ಳುತ್ತದೆ. ಅದಕ್ಕೆಂದೇ ತಂತಿ ಎಳೆಯುವ, ಚೂರು ಮಾಡುವ ಯಂತ್ರ ಕಾರ್ಖಾನೆಯಲ್ಲಿರುತ್ತದೆ.

ನಾಲ್ಕೈದು ನೂರು ಟೈರಿನಿಂದ 5 ಟನ್ ಆಗುವುದಿಲ್ಲ. ಅದಕ್ಕೇ ಇದು ಒಂದು ಪಂಚಾಯಿತಿಯ ಕೆಲಸವಲ್ಲ. ಅಕ್ಕಪಕ್ಕದ ನಾಲ್ಕೈದು ಪಂಚಾಯಿತಿಗಳ ಜೊತೆ ಮಾತಾಡಿ, ಕುಶಾಲನಗರದ ಕಡೆ ದೊಡ್ಡ ಲಾರಿ ಸುಲಭವಾಗಿ ಬಂದು ತಿರುಗುವ ಒಂದು ಜಾಗದಲ್ಲಿ ಕೂಡಿಸಿ. ಅಲ್ಲಿಂದ ಹುಣಸೂರು, ಮೈಸೂರಿನ ದಾರಿ ಸಮತಟ್ಟು. ಊರಿನಿಂದ ಅಲ್ಲಿಯವರೆಗೆ ಪಿಕಪ್ ಸಾಕು, ಹೇಗೂ ಖಾಲಿ ಹೋಗುವ ಗಾಡಿಗಳಿರುತ್ತವೆ. ಸ್ವಚ್ಛ ಸಂಕೀರ್ಣ (ಪಂಚಾಯಿತಿಯ ಕಸ ವಿಂಗಡಣೆ ಘಟಕ) ನಡೆಸುವ ಸಂಜೀವಿನಿ ಸ್ವಸಹಾಯ ಒಕ್ಕೂಟದ ಮಹಿಳೆಯರಿಗೆ ಈ ಕೆಲಸ ವಹಿಸಿದರೆ ತೂಕ, ಚೀಟಿ, ಹಣ ಮೂರೂ ಒಂದೇ ಪುಸ್ತಕದಲ್ಲಿ ಇರುತ್ತದೆ. ಆದರೆ ಅವರಿಂದ ಲಾರಿ ಟೈರು ಎತ್ತಿಸಬೇಡಿ, ಅದಕ್ಕೆ ಲೋಡಿಂಗಿನವರೇ ಬೇಕು.

ಕೂಡಿಸುವಾಗಲೇ ಬೇರ್ಪಡಿಸಿ. ಲಾರಿ ನೈಲಾನ್, ಲಾರಿ ರೇಡಿಯಲ್, ಕಾರು-ಜೀಪು, ಎರಡು ಚಕ್ರದ್ದು, ಟ್ರಾಕ್ಟರಿನದ್ದು. ಟ್ಯೂಬನ್ನು ಬೇರೆಯೇ ಚೀಲಕ್ಕೆ ಹಾಕಿ, ಬ್ಯೂಟೈಲ್ ರಬ್ಬರಿಗೆ ಬೇರೆ ಗಿರಾಕಿ, ಟೈರಿಗಿಂತ ಒಳ್ಳೆಯ ದರ. ರಿಮ್ ಉಳಿದಿದ್ದರೆ ಬಿಡಿಸಿ. ಎಲ್ಲ ಬೆರೆಸಿ ಕಳಿಸಿದರೆ ಇಡೀ ಲೋಡಿಗೆ ಕಾರ್ ಟೈರಿನ ದರ ಹಾಕುತ್ತಾರೆ. ಕಾರ್ಖಾನೆಯಲ್ಲಿ ದರ ಮುರಿಯಲು ಇನ್ನೊಂದು ಕಾರಣ ಕೆಸರು ಮತ್ತು ನೀರು. ಬಯಲಲ್ಲಿ ಬಿದ್ದ ಕಾರ್ ಟೈರಿನೊಳಗೆ ಲೀಟರುಗಟ್ಟಲೆ ನೀರು, ಅದರ ಜೊತೆ ಸಿಲ್ವರ್ ಓಕ್ ಎಲೆ, ಮಣ್ಣು ಸೇರಿರುತ್ತದೆ. ವೇಬ್ರಿಡ್ಜಿನಲ್ಲಿ ತೂಕ ಬಂದರೂ ಕೊಳ್ಳುವವರು ಶೇಕಡಾವಾರು ಕಡಿತ ಹಾಕುತ್ತಾರೆ, ಆ ಕಡಿತ ನಿಜವಾದ ಕೆಸರಿಗಿಂತ ಯಾವಾಗಲೂ ಜಾಸ್ತಿಯೇ. ಒಣಗಿಸಿ, ಕೊಡವಿ, ಹೊರಡುವ ಊರಿನ ವೇಬ್ರಿಡ್ಜಿನಲ್ಲಿ ಖಾಲಿ ಲಾರಿ, ತುಂಬಿದ ಲಾರಿ ಎರಡೂ ತೂಗಿಸಿ ಚೀಟಿ ಇಟ್ಟುಕೊಂಡರೆ ವಾದಕ್ಕೆ ಜಾಗವಿರುವುದಿಲ್ಲ.

ಈಗ ಮಳೆಯ ವಿಷಯ. ಇದು ದುಡ್ಡಿಗಿಂತ ತುರ್ತು. ಟೈರಿನ ಒಳಗೋಡೆ ಡೆಂಗಿ ಹರಡುವ ಏಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ನೆರಳು, ಕೊಳೆತ ಎಲೆಯ ಕಷಾಯ, ಹೊರಳಿಸಿದರೂ ಪೂರ್ತಿ ಬಸಿಯದ ನೀರು. ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿನ ಗೋಡೆಗೆ ಅಂಟಿಸಿ. ಆ ಮೊಟ್ಟೆ ಬೇಸಗೆಯಲ್ಲಿ ತಿಂಗಳುಗಟ್ಟಲೆ ಒಣಗಿಯೇ ಇದ್ದು, ಮುಂಗಾರಿನ ನೀರು ತಾಗಿದ ಮೇಲೆ ಒಡೆದು ಒಂದೂವರೆ ವಾರದೊಳಗೆ ರೆಕ್ಕೆ ಬಂದು ಹಾರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಬೇಕು. ಮೊಟ್ಟೆಯಿರುವ ಟೈರು ಸಾಗಿಸಿದರೆ ಸೊಳ್ಳೆಯನ್ನೂ ಸಾಗಿಸಿದಂತೆಯೇ. ಏಷ್ಯಾದ ಏಡಿಸ್ ಆಲ್ಬೊಪಿಕ್ಟಸ್ 1985ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ನೆಲೆ ಕಂಡದ್ದು ಆಮದಾದ ಹಳೇ ಟೈರಿನ ಮೂಲಕವೇ. ನಮ್ಮ ತೋಟದಂಚಿನ ನೆರಳಿಗೆ ಒಗ್ಗುವುದೂ ಅದೇ ಸೊಳ್ಳೆ.

ತೂತು ಕೊರೆದರೆ ಸಾಕೆಂದು ಹಲವರು ಹೇಳುತ್ತಾರೆ. ಒಂದೇ ತೂತು ಎಲೆ ಕಟ್ಟಿ ಮುಚ್ಚಿಹೋಗುತ್ತದೆ, ಟೈರು ಸ್ವಲ್ಪ ತಿರುಗಿದರೆ ತೂತು ಮೇಲಾಗುತ್ತದೆ. ತಾರ್ಪಾಲ್ ಹೊದಿಸುವವರೂ ಎಚ್ಚರ ವಹಿಸಬೇಕು. ರಾಶಿಯ ಮೇಲೆ ಸಡಿಲವಾಗಿ ಹಾಸಿದರೆ ನಡುವೆ ಗುಂಡಿಬಿದ್ದು ತಾರ್ಪಾಲಿನಲ್ಲೇ ನೀರು ನಿಲ್ಲುತ್ತದೆ. ನಡುವೆ ಒಂದು ಬಿದಿರು ಅಥವಾ ಸಿಲ್ವರ್ ಓಕ್ ಕೋಲು ಎತ್ತರಕ್ಕೆ ಕಟ್ಟಿ, ಎರಡೂ ಕಡೆ ಇಳಿಜಾರಾಗಿ ಬಿಗಿದು, ಅಂಚನ್ನು ನೆಲದಿಂದ ಒಂದಡಿ ಮೇಲೆ ನಿಲ್ಲಿಸಿ, ಗಾಳಿ ಆಡಬೇಕು. ಶೀಟಿನ ಮಾಡು ಸಿಕ್ಕರೆ ಅದೇ ಉತ್ತಮ. ರಾಶಿಯ ಎತ್ತರ 10 ಅಡಿ ದಾಟದಿರಲಿ, ಎರಡು ರಾಶಿಯ ನಡುವೆ ಗಾಡಿ ಓಡಾಡುವಷ್ಟು ಜಾಗ ಬಿಡಿ, ಮೇಲೆ ವಿದ್ಯುತ್ ತಂತಿ, ಪಕ್ಕದಲ್ಲಿ ತೋಡು ಇರಬಾರದು. ತೋಡಿನ ಮಾತು ಯಾಕೆಂದರೆ, ಉರಿಯುವ ಟೈರು ಎಣ್ಣೆ ಬಿಡುತ್ತದೆ. ಒಂದು ಕಾರ್ ಟೈರಿಗೆ ಸುಮಾರು 7 ಲೀಟರಿನ ಲೆಕ್ಕ. ನೀರು ಹಾಯಿಸಿದರೆ ಆ ಎಣ್ಣೆ ತೋಡಿಗಿಳಿದು ಹಾರಂಗಿಗೋ ಕಾವೇರಿಗೋ ಸೇರುತ್ತದೆ. ಸಣ್ಣ ಬೆಂಕಿಗೆ ಮಣ್ಣು ಮುಚ್ಚುವುದೇ ಸರಿ, ಅದಕ್ಕಾಗಿ ಜಾಗದ ಪಕ್ಕದಲ್ಲೇ ಒಂದು ಟ್ರಾಕ್ಟರ್ ಲೋಡ್ ಮಣ್ಣು ಸುರಿದಿಡಿ.

ಸುಡುವುದು ಮಾತ್ರ ಬೇಡವೇ ಬೇಡ. ತಂತಿಗಾಗಿ ಸುಡುತ್ತಾರೆ, ಆನೆ ಓಡಿಸಲು ಸುಡುತ್ತಾರೆ. ಟೈರಿನಲ್ಲಿ ಶೇ 1–2ರಷ್ಟು ಗಂಧಕ, ಸುಮಾರು ಅಷ್ಟೇ ಸತು ಇರುತ್ತದೆ. ಕಡಿಮೆ ಗಾಳಿಯಲ್ಲಿ ಉರಿದಾಗ ಬರುವ ಕಪ್ಪು ಹೊಗೆಯಲ್ಲಿ ಬೆಂಜೀನ್ ಮತ್ತು ಕ್ಯಾನ್ಸರ್ ತರುವ ಇನ್ನೂ ಹಲವು ಸಂಯುಕ್ತಗಳಿರುತ್ತವೆ. ಬಯಲಲ್ಲಿ ತ್ಯಾಜ್ಯ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶಿಸಿದೆ. ಇನ್ನು ಧರೆ ಕುಸಿಯುವ ಕಡೆ ಟೈರು ಜೋಡಿಸಿ ತಡೆಗೋಡೆ ಕಟ್ಟುವ ಯೋಚನೆ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದನ್ನು ಎಂಜಿನಿಯರ್ ಇಲ್ಲದೆ ಮಾಡಬಾರದು. ಮಣ್ಣು ದಮ್ಮಾಸು ಮಾಡದ ಟೈರು ನೀರನ್ನು ಹಿಡಿದಿಟ್ಟು ಧರೆಯ ಭಾರ ಹೆಚ್ಚಿಸುತ್ತದೆ.

ಅಂಗಡಿಯವರನ್ನು ಒಪ್ಪಿಸಲು ನಿಮ್ಮ ಕೈಯಲ್ಲಿ ಎರಡು ದಾರಿಗಳಿವೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ನಿಗದಿ ಮಾಡಿತು. ಗ್ರಾಮೀಣ ಭಾಗದಲ್ಲಿ ಮನೆಗಳಿಗೆ 200, ವ್ಯಾಪಾರ ಸ್ಥಳಗಳಿಗೆ 500, ಖಾಲಿ ನಿವೇಶನ ಮತ್ತು ಕಟ್ಟಡ ಕೆಲಸದ ಜಾಗಗಳಿಗೆ 1,000 ರೂಪಾಯಿ. ಎರಡನೆಯದು ಪಂಚಾಯಿತಿಯೇ ಕೊಡುವ ವ್ಯಾಪಾರ ಪರವಾನಗಿ. ನವೀಕರಣದ ಷರತ್ತಿನಲ್ಲಿ ಟೈರನ್ನು ಮಾಡಿನಡಿಯೇ ಇಡಬೇಕು, 30ಕ್ಕಿಂತ ಹೆಚ್ಚು ಇಡಬಾರದು, ಮೇ ತಿಂಗಳೊಳಗೆ ಖಾಲಿ ಮಾಡಬೇಕು ಎಂದು ಸೇರಿಸಿ. ಆದರೆ ದಂಡ ಮೊದಲು, ಲಾರಿ ಆಮೇಲೆ ಅಂದರೆ ಟೈರು ರಾತ್ರೋರಾತ್ರಿ ಕಾಡಿನ ಅಂಚಿಗೋ ಘಾಟಿಯ ತಿರುವಿಗೋ ಹೋಗಿ ಬೀಳುತ್ತದೆ. ಒಯ್ಯುವ ದಿನ ಗೊತ್ತುಮಾಡಿ, ಸಾರಿ ಹೇಳಿ, ಒಯ್ದು, ನಂತರ ದಂಡದ ಮಾತೆತ್ತಿ.

ಕೊಳ್ಳುವವರು ಯಾರೆಂಬುದು ಅಷ್ಟೇ ಮುಖ್ಯ. ಕೇಂದ್ರ ಮಂಡಳಿಯ ಟೈರ್ ಪೋರ್ಟಲ್‌ನಲ್ಲಿ ನೋಂದಣಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಚಾಲ್ತಿ ಸಮ್ಮತಿ ಪತ್ರ, ಇವೆರಡರ ಪ್ರತಿ ಮೊದಲೇ ತರಿಸಿಕೊಳ್ಳಿ. ಇವಿಲ್ಲದ ದಲ್ಲಾಳಿ ಕೆಜಿಗೆ ಒಂದು ರೂಪಾಯಿ ಜಾಸ್ತಿ ಕೊಟ್ಟರೂ ಬೇಡ, ಆ ಮಾಲು ಇಟ್ಟಿಗೆ ಗೂಡಿಗೋ ಕಳ್ಳ ಭಟ್ಟಿಗೋ ಹೋಗುವ ಸಂಭವ ಹೆಚ್ಚು. ನಿಮ್ಮೂರಿನಲ್ಲೇ ಸಣ್ಣ ಪೈರೋಲಿಸಿಸ್ ಘಟಕ ಹಾಕುತ್ತೇವೆ ಎಂದು ಯಾರಾದರೂ ಬಂದರೆ ಒಪ್ಪಬೇಡಿ. ಟೈರಿನಿಂದ ತೂಕದ ಶೇ 40–45 ಎಣ್ಣೆ, ಶೇ 30–35 ಇಂಗಾಲದ ಪುಡಿ, ಉಳಿದದ್ದು ಉಕ್ಕು ಮತ್ತು ಅನಿಲ. ಒಂದೊಂದೇ ಭಟ್ಟಿ ತುಂಬಿ ತೆಗೆಯುವ ಘಟಕದಲ್ಲಿ, ಬಿಸಿ ಆರುವ ಮೊದಲು ಬಾಗಿಲು ತೆರೆದಾಗಲೇ ಬೆಂಕಿ ಅನಾಹುತ ಆಗುವುದು, ಇಂಗಾಲದ ಪುಡಿ ಸುತ್ತಲ ಎಲೆಯ ಮೇಲೆ ಕೂರುವುದು. ಆ ಘಟಕ ನಡೆಯಲು ಬೇಕಾದಷ್ಟು ಟೈರು ಕೊಡಗಿನಲ್ಲಿ ಹುಟ್ಟುವುದಿಲ್ಲ, ಹೊರಗಿನಿಂದ ಇಲ್ಲಿಗೆ ತರಬೇಕಾಗುತ್ತದೆ.

ಕಳಿಸುವ ಮೊದಲು ಲಾರಿ ಟೈರುಗಳನ್ನು ಒಮ್ಮೆ ರೀಸೋಲ್ ಮಾಡುವವರಿಗೆ, ಅಂದರೆ ಸವೆದ ಬಟನ್ ಜಾಗಕ್ಕೆ ಹೊಸ ರಬ್ಬರ್ ಹಾಕುವವರಿಗೆ ತೋರಿಸಿ. ಬದಿ ಸೀಳದ, ಒಳದಾರ ಕಾಣದ ಟೈರಿಗೆ ಗುಜರಿಗಿಂತ ಹೆಚ್ಚು ಬೆಲೆಯಿದೆ. ಬಟನ್ ಪೂರ್ತಿ ನುಣುಪಾಗುವವರೆಗೆ ಓಡಿಸಿದ್ದರೆ ಕಲ್ಲು ತಾಗಿ ಒಳಪದರ ಹಾಳಾಗಿರುತ್ತದೆ, ರೀಸೋಲಿಗೆ ಬಾರದು. 3 ಮಿಲಿಮೀಟರ್ ಉಳಿದಾಗಲೇ ಬಿಚ್ಚಿರೆಂದು ತೋಟದ ಲಾರಿ, ಪಿಕಪ್ ಇಟ್ಟವರಿಗೆ ಹೇಳಿ.

ಏಪ್ರಿಲ್‌ನಲ್ಲಿ ಕೂಡಿಸಲು ಶುರುಮಾಡಿದರೆ ಮೇ ಮೂರನೇ ವಾರಕ್ಕೆ ಲಾರಿ ಹೊರಡಿಸಬಹುದು. ಜೂನ್ ಮೇಲೆ ಹೋದರೆ ಭಾರಿ ವಾಹನಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕಬಹುದು, ಟೈರು ಒದ್ದೆಯಾಗುತ್ತದೆ, ದರವೂ ಇಳಿಯುತ್ತದೆ. ಲೋಡಿನ ಜೊತೆ ಒಕ್ಕೂಟದ ಬಿಲ್ಲು, ಬಗೆವಾರು ಎಣಿಕೆ, ವೇಬ್ರಿಡ್ಜ್ ಚೀಟಿ ಇರಲಿ, ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ (ಜಿಎಸ್‌ಟಿಯ ಸಾಗಣೆ ಚೀಟಿ) ಬೇಕು. ಕಾರ್ಖಾನೆಯಿಂದ ಇಳಿಸಿಕೊಂಡ ತೂಕದ ರಸೀದಿ ಬಂದ ಮೇಲೆ ಅದರ ಪ್ರತಿಯೊಂದಿಗೆ ಜಿಲ್ಲಾ ಪಂಚಾಯಿತಿಗೆ ಮತ್ತು ಮಾಲಿನ್ಯ ಮಂಡಳಿಯ ಪ್ರಾದೇಶಿಕ ಅಧಿಕಾರಿಗೆ ಪತ್ರ ಬರೆಯಿರಿ. ಟೈರ್ ಕಂಪನಿಗಳು ಕಟ್ಟುವ ಪರಿಸರ ಪರಿಹಾರದ ಹಣವನ್ನು ಯಾರೂ ಎತ್ತದೆ ಉಳಿದ ಟೈರಿನ ಸಂಗ್ರಹಣೆಗೆ ಬಳಸಬೇಕೆಂಬುದು ನಿಯಮದಲ್ಲೇ ಇದೆ. ಗುಡ್ಡಗಾಡು ಜಿಲ್ಲೆಯ ಸಾಗಣೆ ವೆಚ್ಚಕ್ಕೆ ಅದರಲ್ಲಿ ಪಾಲು ಕೇಳುವುದಾದರೆ ಕೆಜಿಗೆ ನಿಮಗೆ ತಗುಲಿದ ಬಾಡಿಗೆ, ಸಿಕ್ಕ ದರ, ಕೊರತೆಯಾದ ಮೊತ್ತ ಈ ಮೂರನ್ನೂ ಆ ಪತ್ರದಲ್ಲಿ ಕಾಣಿಸಿ.